ಬನ್ನಿಮಂಟಪದಿಂದ ಹೊರಡುವ ದಾರಿಗಳು

ವಿಜಯದಶಮಿಯ ದಿನ ಅರಮನೆಯಿಂದ ಹೊರಟ ಜಂಬೂಸವಾರಿ ಸುಮಾರು 5 ಕಿಲೋಮೀಟರ್ ದೂರವನ್ನು ಕ್ರಮಿಸಿ ಬಂದು ಪರಿಸಮಾಪ್ತವಾಗುವ ಸ್ಥಳವೆಂದು ಬನ್ನಿಮಂಟಪವನ್ನು ನಾಡೆಲ್ಲ ಬಲ್ಲದು. ಆದರೆ ಶಮೀವೃಕ್ಷವನ್ನು ಪೂಜಿಸಿ ಸೀಮೋಲ್ಲಂಘನ ಮಾಡುವ ಪ್ರಾಚೀನ ಸಂಪ್ರದಾಯವನ್ನು ನೆನೆದರೆ, ಅದು ದಂಡಯಾತ್ರೆಗೆ ಹೊರಡುವವರು ಊರ ಎಲ್ಲೆಯನ್ನು ದಾಟುತ್ತಿದ್ದ ಸ್ಥಳವೂ ಹೌದು. ಹಿಂದಿನ ದಿನ ಆಯುಧಪೂಜೆಯಲ್ಲಿ ಖಡ್ಗ, ಗುರಾಣಿಗಳ ಸಾಲಿನಲ್ಲಿ ಇಂದು ಮೋಟಾರು ವಾಹನಗಳೂ ನಿಂತು ಚೆಂಡುಹೂವಿನ ಹಾರವನ್ನು ಧರಿಸುತ್ತವೆ. ದಶಮಿಯ ರಾತ್ರಿ ಬನ್ನಿಮಂಟಪದ ಮೈದಾನದಲ್ಲಿ ನಡೆಯುವ ಪಂಜಿನ ಕವಾಯತಿನಲ್ಲಿ ಸೇನೆಯ ಸವಾರರು ಮೋಟಾರ್ ಸೈಕಲ್ಲುಗಳ ಮೇಲೆ ತೋರುವ ಸಾಹಸವನ್ನು ನೋಡಲು ಸಹಸ್ರಾರು ಜನ ನೆರೆಯುತ್ತಾರೆ. ಇದೇ ಬನ್ನಿಮಂಟಪದ ಸಮೀಪದಲ್ಲಿ, ಯಾದವಗಿರಿಯಲ್ಲಿ, ಮೂರೂವರೆ ದಶಕಗಳ ಕಾಲ ದಿನನಿತ್ಯ ಮೋಟಾರ್ ಸೈಕಲ್ಲುಗಳು ತಯಾರಾಗಿ ದೇಶದ ಮೂಲೆಮೂಲೆಗೆ ಹೋಗುತ್ತಿದ್ದುವೆಂಬುದನ್ನು ಈಗಿನ ತರುಣರಲ್ಲಿ ಅನೇಕರು ಕೇಳಿರಲಾರರು.

ಆ ಕಾರ್ಖಾನೆಯ ಹೆಸರು ಐಡಿಯಲ್ ಜಾವಾ. ಜೆಕೋಸ್ಲೊವಾಕಿಯಾದ ಜಾವಾ ವಾಹನಗಳನ್ನು ಮುಂಬಯಿಯಲ್ಲಿ ಆಮದು ಮಾಡಿ ಮಾರುತ್ತಿದ್ದ ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿಯವರು, ಆಮದಿನ ಮೇಲೆ ಸರ್ಕಾರದ ನಿರ್ಬಂಧ ಬಿಗಿಯಾದಾಗ, ಜೆಕ್ ಸಂಸ್ಥೆಯ ಸಹಕಾರದೊಡನೆ ಇಲ್ಲಿಯೇ ಅವನ್ನು ತಯಾರಿಸುವ ಸಂಕಲ್ಪ ಮಾಡಿ ಮೈಸೂರನ್ನು ಆರಿಸಿಕೊಂಡರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಪ್ರೋತ್ಸಾಹ ಅವರಿಗೆ ದೊರೆಯಿತು. 1961ರಲ್ಲಿ ಉತ್ಪಾದನೆ ಮೊದಲಾಯಿತು. ಆರಂಭದಲ್ಲಿ ಜೆಕ್ ದೇಶದಿಂದ ಬಂದ ಬಿಡಿಭಾಗಗಳನ್ನು ಜೋಡಿಸುವುದೇ ಮುಖ್ಯ ಕಾರ್ಯವಾಗಿದ್ದಿತು. ಕ್ರಮೇಣ ಆ ಭಾಗಗಳು ಇಲ್ಲಿಯೇ ಸಿದ್ಧವಾಗತೊಡಗಿದುವು. ಒಪ್ಪಂದದ ಅವಧಿ ತೀರಿದ ಮೇಲೆ, 1973ರ ಸುಮಾರಿನಿಂದ, ಅದೇ ವಾಹನ ಯೆಜ್ಡಿ ಎಂಬ ಹೊಸ ನಾಮಧೇಯವನ್ನು ತಳೆಯಿತು. 1978ರಲ್ಲಿ ಬಂದ ರೋಡ್‌ಕಿಂಗ್ ಆ ವಂಶದ ಬಲಿಷ್ಠ ಸಂತಾನ. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಹಳೆಯ ಮೋಟಾರ್ ಸೈಕಲ್ಲುಗಳ ಮೇಲೆ ದೂರಪ್ರಯಾಣ ಮಾಡುವ ಹವ್ಯಾಸವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಇಟಲಿಯಿಂದ ಕಥೆಯನ್ನು ಆರಂಭಿಸುತ್ತಾರೆ, ಮತ್ತು ಅದಕ್ಕೆ ಕಾರಣವಿಲ್ಲದೆ ಇಲ್ಲ. ಕೋಮೋ ಸರೋವರದ ತೀರದ ಮಾಂಡೆಲ್ಲೋ ಎಂಬ ಊರಿನಲ್ಲಿ 1921ರಲ್ಲಿ ಹುಟ್ಟಿದ ಮೋಟೋ ಗುಜ್ಜಿ ಸಂಸ್ಥೆ, ಹಿಂದಿನ ಚಕ್ರಕ್ಕೆ ಸ್ಪ್ರಿಂಗಿನ ಆಸರೆ ಸಾಮಾನ್ಯವಾಗಿ ಇರದಿದ್ದ ಆ ಕಾಲದಲ್ಲಿ, ಅಂತಹ ಆಸರೆಯುಳ್ಳ ಒಂದು ಚೌಕಟ್ಟನ್ನು ನಿರ್ಮಿಸಿತು. ಅದರಿಂದ ವಾಹನದ ಸ್ಥಿರತೆ ಕೆಡುವುದೆಂದು ಸಂದೇಹಪಟ್ಟವರಿಗೆ ಉತ್ತರವಾಗಿ, ಸಂಸ್ಥಾಪಕನ ಸಹೋದರ ಜುಸೆಪ್ಪೆ ಗುಜ್ಜಿ 1928ರಲ್ಲಿ ಅದನ್ನೇರಿ, ಮಣ್ಣು ಜಲ್ಲಿಗಳ ದಾರಿಯಲ್ಲಿ, ನಾರ್ವೆಯ ಉತ್ತರ ಧ್ರುವವೃತ್ತದಾಚೆಯವರೆಗೂ ಹೋಗಿಬಂದನು. 1957ರಲ್ಲಿ ಬೊಲೊನ್ಯದಿಂದ ಹೊರಟ ಲಿಯೋಪೋಲ್ಡೋ ತಾರ್ತರೀನಿ ಮತ್ತು ಜಾರ್ಜೋ ಮೊನೆತ್ತಿ ಎಂಬ ಮಿತ್ರರು ಕೇವಲ 175 ಸಿಸಿಯ ಡುಕಾಟಿಗಳ ಮೇಲೆ ಸುಮಾರು 60,000 ಕಿಲೋಮೀಟರ್ ಸುತ್ತಿ, ಮರುವರ್ಷ ಸ್ವಂತ ಊರಿಗೆ ಮರಳಿದರು. ಇಂದು ನಮ್ಮಲ್ಲಿ ತರಕಾರಿ ತರಲು ಹೋಗುವ ವಾಹನಗಳ ಎಂಜಿನ್ನೂ ಅದಕ್ಕಿಂತ ಬಹಳ ಚಿಕ್ಕದಲ್ಲ. 1953ರಿಂದ 1957ರವರೆಗೆ ಸಣ್ಣ ಎಂಜಿನ್ನುಗಳಿಗಾಗಿಯೇ ನಡೆದ ಮೋಟೋ ಜೀರೋ ಎಂಬ ಇಟಲಿ ಪ್ರದಕ್ಷಿಣೆಯ ಸ್ಪರ್ಧೆ, ಸಾಮಾನ್ಯರ ರಸ್ತೆಗಳನ್ನೇ ಆ ಯಂತ್ರಗಳ ಪರೀಕ್ಷಾಭೂಮಿಯನ್ನಾಗಿ ಮಾಡಿತ್ತು.

ನಮ್ಮ ನಾಡಿಗೆ ಇಟಲಿ ಬಂದದ್ದು ಪ್ರಾಯಶಃ ಸ್ಕೂಟರಿನ ರೂಪದಲ್ಲಿ. ಲ್ಯಾಂಬ್ರೆಟಾ, ವೆಸ್ಪಾಗಳು ಮಧ್ಯಮ ವರ್ಗದ ಮನೆಗಳ ಮುಂದೆ ನಿಂತುವು; ಗುಜ್ಜಿ, ಡುಕಾಟಿಗಳು ಚಿತ್ರಗಳಲ್ಲಿ ಉಳಿದುವು. ಆದುದರಿಂದ, ಇಟಲಿಯವರು ಆಲ್ಪ್ಸ್ ಪರ್ವತದ ತಿರುವುಗಳಲ್ಲಿ ಪಡೆದ ಅನುಭವವನ್ನು ಮೈಸೂರಿನವರು ನೀಲಗಿರಿಯಲ್ಲಿಯೂ ಕೊಡಗಿನಲ್ಲಿಯೂ ಪಡೆದದ್ದು ಯಾದವಗಿರಿಯ ಯಂತ್ರದಿಂದಲೇ. ಇಟಲಿಯ ಪರಂಪರೆಯೂ ಜಾವಾದ ಜೆಕ್ ಪರಂಪರೆಯೂ ಯೂರೋಪಿನಲ್ಲಿ ಮುಖಾಮುಖಿಯಾಗುತ್ತಿದ್ದ ಒಂದು ಅಂಕಣವಿತ್ತು: 1913ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಅಂತರರಾಷ್ಟ್ರೀಯ ಆರು ದಿನಗಳ ಪರೀಕ್ಷೆ. ಕಾಡುದಾರಿ, ಕೆಸರು, ಕಲ್ಲುಗಳ ಮೇಲೆ ಆರು ದಿನ ಸವಾರಿ ಮಾಡಬೇಕು. ನಿಗದಿಯಾದ ಹೊತ್ತಿಗೆ ನಿಗದಿಯಾದ ಠಾಣೆಯನ್ನು ಮುಟ್ಟಬೇಕು. ನಡುವೆ ಏನು ಕೆಟ್ಟರೂ ಸವಾರನು ತನ್ನ ಕೈಯಿಂದಲೇ ಸರಿಪಡಿಸಿಕೊಳ್ಳಬೇಕು. ಜೆಕ್ ತಂಡಗಳು ಅದರಲ್ಲಿ ಮತ್ತೆ ಮತ್ತೆ ಗೆದ್ದುವು. ಸ್ವತಃ ಸರಿಪಡಿಸಿಕೊಳ್ಳಬೇಕೆಂಬ ಆ ಕೊನೆಯ ನಿಯಮದಲ್ಲಿ ದೂರಪ್ರಯಾಣದ ಸಾರವೆಲ್ಲ ಅಡಗಿದೆಯೆಂದು ನನ್ನ ಅಭಿಪ್ರಾಯ. ಅಪಾರ ಬಲವಿದ್ದೂ, ಕೆಟ್ಟರೆ ಲಾರಿಯ ಮೇಲೆ ಹೇರಿಸಿಕೊಂಡು ಪಟ್ಟಣಕ್ಕೆ ಹೋಗಬೇಕಾದ ವಾಹನಕ್ಕಿಂತ, ಮರದ ನೆರಳಿನಲ್ಲಿ ಬಿಚ್ಚಿ ಜೋಡಿಸಬಹುದಾದ ವಾಹನವೇ ದೂರದ ದಾರಿಗೆ ಯೋಗ್ಯವಾದದ್ದು. ಇಟಲಿಯ ಹಳೆಯ ಯಂತ್ರಗಳಿಗೂ ಮೈಸೂರಿನ ಜಾವಾಕ್ಕೂ ಸಮಾನವಾದ ಗುಣ ಇದೇ.

ಜಾವಾದ ರಚನೆಯನ್ನು ತುಸು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಸುಮಾರು 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನು; ವಾಲ್ವುಗಳೆಂಬುವೇ ಇಲ್ಲ, ಪಿಸ್ಟನ್ನು ಮೇಲೆ ಕೆಳಗೆ ಚಲಿಸುವಾಗ ತಾನೇ ದ್ವಾರಗಳನ್ನು ಮುಚ್ಚಿ ತೆರೆಯುತ್ತದೆ. ಎಡಗಾಲಿನ ಬಳಿಯ ಒಂದೇ ಸನ್ನೆ ಕಿಕ್ಕರೂ ಆಗುತ್ತದೆ, ಗೇರೂ ಆಗುತ್ತದೆ: ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಒದೆದರೆ ಎಂಜಿನ್ನು ಎಚ್ಚರಗೊಳ್ಳುವುದು, ಸ್ವಸ್ಥಾನಕ್ಕೆ ಮರಳಿಸಿದರೆ ಅದೇ ಗೇರಿನ ಕೆಲಸಕ್ಕೆ ಸಿದ್ಧವಾಗುವುದು. ಗೇರನ್ನು ಒತ್ತಿದಾಗ ಕ್ಲಚ್ಚು ತಾನಾಗಿಯೇ ಸಡಿಲವಾಗುವ ಏರ್ಪಾಡಿರುವುದರಿಂದ, ಮಾರ್ಗಮಧ್ಯದಲ್ಲಿ ಕ್ಲಚ್ ಕೇಬಲ್ ತುಂಡಾದರೂ ಜಾಣ ಸವಾರನು ಮನೆ ಸೇರಬಲ್ಲನು.

ಎಂಜಿನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನಲ್ಲಿಯೇ ಬೆರೆತು ಹೋಗಬೇಕು. ಒಂದು ಲೀಟರಿಗೆ 40 ರಿಂದ 50 ಮಿಲಿಲೀಟರ್. ಬಂಕುಗಳಲ್ಲಿ ಕೈಯಿಂದ ತಿರುಗಿಸುವ ಮಿಶ್ರಣಯಂತ್ರವಿದ್ದ ಕಾಲದಲ್ಲಿ ಇದೊಂದು ಚಿಂತೆಯಾಗಿರಲಿಲ್ಲ. ಈಗಿನ ಸವಾರರು ಸಣ್ಣ ಬಾಟಲಿಯೊಂದನ್ನು ಪಕ್ಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಪೆಟ್ರೋಲ್ ಹಾಕಿಸಿದ ಕೂಡಲೆ ಅಳೆದು ಸುರಿದು, ವಾಹನವನ್ನು ಅತ್ತಿತ್ತ ಅಲ್ಲಾಡಿಸಿ ಬೆರೆಸಿಕೊಳ್ಳುತ್ತಾರೆ. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ರಬ್ಬರಿನ ಭಾಗಗಳನ್ನು ಬೇಗ ಕೆಡಿಸುವುದಲ್ಲದೆ ತೇವವನ್ನೂ ಹೀರಿಕೊಳ್ಳುವುದರಿಂದ, ವಾಹನವನ್ನು ಬಹುದಿನ ನಿಲ್ಲಿಸುವಾಗ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡುವುದು ಕ್ಷೇಮ.

ಈ ಆಯಿಲಿನ ವಿಷಯವೇ ಬೆಟ್ಟದ ದಾರಿಯಲ್ಲಿ ಒಂದು ಮುಖ್ಯ ಪಾಠವನ್ನು ಕಲಿಸುತ್ತದೆ. ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ, ಮಸಿನಗುಡಿಯ ಮೂಲಕ ಕಲ್ಹಟ್ಟಿಯ 36 ತಿರುವುಗಳನ್ನೇರಿ ಊಟಿಯನ್ನು ಸೇರುವ ದಾರಿಯನ್ನು ತೆಗೆದುಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಿಂದ 2,240 ಮೀಟರಿನ ಊಟಿಗೆ ಏರುವಾಗ ಗಾಳಿ ತೆಳುವಾಗುತ್ತ ಬರುವುದರಿಂದ, ಅದೇ ಪ್ರಮಾಣದ ಪೆಟ್ರೋಲು ಎಂಜಿನ್ನಿಗೆ ಅಧಿಕವಾಗಿ ಪ್ಲಗ್ಗಿನ ಮೇಲೆ ಮಸಿ ಕಟ್ಟುತ್ತದೆ. ಎಂಜಿನ್ನು ಉಸಿರುಗಟ್ಟಿದಂತೆ ತಡವರಿಸುತ್ತದೆ. ಏರುವುದು ಹೀಗಾದರೆ, ಇಳಿಯುವುದು ಇದಕ್ಕಿಂತ ಸೂಕ್ಷ್ಮ. ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿಕೊಂಡು ಬಂದರೆ ಪೆಟ್ರೋಲಿನೊಡನೆ ಆಯಿಲೂ ನಿಂತುಹೋಗಿ, ವೇಗವಾಗಿ ತಿರುಗುತ್ತಿರುವ ಎಂಜಿನ್ನಿನ ಒಳಗೆ ಒಣ ಘರ್ಷಣೆಯಾಗುತ್ತದೆ. ಪಿಸ್ಟನ್ನು ಬಿಸಿಯಾಗಿ ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಚಕ್ರ ಹಠಾತ್ತನೆ ನಿಲ್ಲುವ ಅಪಾಯವುಂಟು. ಆದುದರಿಂದ ಅನುಭವಸ್ಥರು ಇಳಿಯುವಾಗ ಆಗಾಗ್ಗೆ ಆಕ್ಸಿಲರೇಟರನ್ನು ತುಸು ತಿರುವಿ ಎಂಜಿನ್ನಿಗೆ ಒಂದು ಗುಟುಕು ಉಣಿಸುತ್ತಾರೆ, ಎಡಗೈಯ ಬೆರಳುಗಳನ್ನು ಕ್ಲಚ್ಚಿನ ಮೇಲೆಯೇ ಇರಿಸುತ್ತಾರೆ. ಹಳೆಯ ಡ್ರಮ್ ಬ್ರೇಕುಗಳು ಎಡೆಬಿಡದೆ ಒತ್ತಿದರೆ ಕಾದು ಹಿಡಿತ ಕಳೆದುಕೊಳ್ಳುವುದರಿಂದ, ಅವು ಆರಲೆಂದು ನಡುವೆ ನಿಲ್ಲುವುದೂ ಅವಶ್ಯ. ಕಲ್ಹಟ್ಟಿಯಲ್ಲಿ ಹೊರಗಿನ ವಾಹನಗಳು ಇಳಿಯುವುದಕ್ಕೆ ನಿರ್ಬಂಧವಿರುವುದರಿಂದ ಗುಡಲೂರಿನ ಮಾರ್ಗವಾಗಿ ಮರಳಬೇಕು; ಬಂಡೀಪುರದ ಅರಣ್ಯಮಾರ್ಗವು ರಾತ್ರಿ 9 ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ.

ಡಾಂಬರು ಬಿಟ್ಟು ಜಾಡಿಗಿಳಿಯುವ ಸವಾರಿಗೆ ಅರಣ್ಯವೇ ಬೇಕೆಂಬ ಭ್ರಮೆ ಕೆಲವು ತರುಣರಲ್ಲಿದೆ. ಇದು ಸರ್ವಥಾ ಸಲ್ಲದು. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಲ್ಲಿ ರಸ್ತೆ ಬಿಟ್ಟು ಚಕ್ರ ಉರುಳಿಸುವುದು ಅಪರಾಧವೂ ಹೌದು, ಆನೆಯ ದಾರಿಗೆ ಅಡ್ಡ ನಿಲ್ಲುವ ಅವಿವೇಕವೂ ಹೌದು. ಮೈಸೂರು, ಮಂಡ್ಯ ಸೀಮೆಯಲ್ಲಿ ಜನ ತಲೆಮಾರುಗಳಿಂದ ಬಳಸುತ್ತ ಬಂದಿರುವ ಬಂಡಿಜಾಡುಗಳು, ಕೆರೆ ಏರಿಗಳು, ಗದ್ದೆಬಯಲಿನ ಮಣ್ಣುರಸ್ತೆಗಳು ಯಥೇಚ್ಛವಾಗಿವೆ. ಪಾಂಡವಪುರದಿಂದ ತೊಣ್ಣೂರು ಕೆರೆಯ ಕಡೆಗೆ ಹೋಗುವ ಹಳ್ಳಿದಾರಿಗಳಲ್ಲಿ, ಒಂದು ಕಡೆ ಕಬ್ಬು ಮತ್ತೊಂದು ಕಡೆ ಕುರುಚಲು ಗುಡ್ಡಗಳನ್ನು ನೋಡುತ್ತ, ಎರಡನೆಯ ಗೇರಿನಲ್ಲಿ, ಕಾಲ್ಮೆಟ್ಟುಗಳ ಮೇಲೆ ಅರ್ಧ ಎದ್ದು ನಿಂತು ಸಾಗುವಾಗ, ಕಡಿಮೆ ವೇಗದಲ್ಲಿಯೂ ಬಲವನ್ನು ಬಿಡದ ಆ ಎಂಜಿನ್ನಿನ ಯೋಗ್ಯತೆ ಗೊತ್ತಾಗುತ್ತದೆ. ಎತ್ತಿನ ಗಾಡಿ ಎದುರಾದರೆ ಎಂಜಿನ್ನನ್ನು ನಿಲ್ಲಿಸಿ ಬದಿಗೆ ಸರಿಯುವುದು, ರಾಗಿ ಒಕ್ಕುವ ಕಾಲದಲ್ಲಿ ದಾರಿಯ ಮೇಲೆ ಹರಡಿದ ತೆನೆಯ ಬಗ್ಗೆ ರೈತನನ್ನು ಕೇಳಿ ಮುಂದೆ ಹೋಗುವುದು ಈ ಸವಾರಿಯ ಮೊದಲ ಮರ್ಯಾದೆ.

ಕಾರ್ಖಾನೆ ಏಕೆ ಮುಚ್ಚಿತೆಂಬುದು ದೀರ್ಘವಾದ ಕಥೆ. 1980ರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದಿಂದ ಬಂದ 100 ಸಿಸಿಯ ವಾಹನಗಳು ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡಿದುವು. ಹೊಗೆಯ ಮೇಲಿನ ನಿಯಮಗಳು ಬಿಗಿಯಾದುವು. ಹಳೆಯ ವಿನ್ಯಾಸ ಅವುಗಳೊಡನೆ ಹೆಜ್ಜೆಯಿಡಲಾರದೆ ಹೋಯಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಹೊಸ ಫೋರ್ ಸ್ಟ್ರೋಕ್ ವಾಹನಗಳ ಮೇಲೆ ಮತ್ತೆ ಕಾಣಿಸಿಕೊಂಡರೂ, ಅವು ಮೈಸೂರಿನಲ್ಲಿ ಹುಟ್ಟಿದವಲ್ಲ. ಆದರೂ ಹಳೆಯವು ಸತ್ತಿಲ್ಲ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿ ದಿನವೆಂದು ದೇಶದ ನಾನಾ ಊರುಗಳಲ್ಲಿ ಅವುಗಳ ಒಡೆಯರು ಒಂದೆಡೆ ಸೇರುತ್ತಾರೆ. ಇದಕ್ಕಿಂತಲೂ ಮುಖ್ಯವಾದದ್ದು, ಆ ವಾಹನಗಳ ಮರ್ಮವನ್ನು ಬಲ್ಲ ಮೆಕ್ಯಾನಿಕ್ಕುಗಳು ಮೈಸೂರಿನ ಮೊಹಲ್ಲಾಗಳಲ್ಲಿ ಇನ್ನೂ ಇದ್ದಾರೆಂಬುದು. ಅವರಲ್ಲೊಬ್ಬರು ಪ್ಲಗ್ಗನ್ನು ಬಿಚ್ಚಿ, ಬಿಸಿಲಿಗೆ ಹಿಡಿದು, ಗಿರಾಕಿಗೆ ತೋರಿಸಿ, "ನೋಡಿ ಸ್ವಾಮಿ, ಕಾಫಿಪುಡಿ ಬಣ್ಣ ಇದೆ, ಊಟಿಗೆ ಹೋಗಿಬನ್ನಿ. ಕರ್ರಗಿದ್ದಿದ್ರೆ ನಾನೇ ಬೇಡ ಅಂತಿದ್ದೆ" ಎಂದದ್ದನ್ನು ನಾನು ಕೇಳಿದ್ದೇನೆ. ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಎಂಜಿನ್ನು ಕಾಯುತ್ತಿದೆಯೆಂದೂ, ಕರ್ರಗೆ ಜಿಡ್ಡಾಗಿದ್ದರೆ ಪೆಟ್ರೋಲೋ ಆಯಿಲೋ ಮಿತಿಮೀರಿದೆಯೆಂದೂ ಅರ್ಥ. ಯಾವ ಪಠ್ಯಪುಸ್ತಕವೂ ಇಷ್ಟು ಸಂಕ್ಷೇಪವಾಗಿ ಇದನ್ನು ಹೇಳಲಾರದು. ಈ ವಿದ್ಯೆಯನ್ನು ಬಲ್ಲವರಿಗೆ ವಯಸ್ಸಾಗುತ್ತಿದೆ. ಕಲಿಯುವ ಹುಡುಗರು ವಿರಳವಾಗುತ್ತಿದ್ದಾರೆ. ನಮ್ಮ ಐಟಿಐಗಳಲ್ಲಿ ಇದಕ್ಕೊಂದು ಸ್ಥಾನ ದೊರೆತರೆ ಊರಿಗೆ ಗೌರವ.

ಹಳೆಯ ಜಾವಾವನ್ನೋ ಯೆಜ್ಡಿಯನ್ನೋ ಕೊಂಡು ದೂರ ಹೋಗಬೇಕೆಂಬ ಆಸೆಯುಳ್ಳವರು ಮೊದಲು ಅದರ ಆರ್‌ಸಿ ಊರ್ಜಿತವಾಗಿದೆಯೇ ಎಂದು ನೋಡಬೇಕು. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಿಂದ ಪ್ರತ್ಯೇಕ ನೋಂದಣಿಯ ಸೌಲಭ್ಯವಿದೆಯಾದರೂ, ಅಂತಹ ವಾಹನಗಳನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅನಂತರ ಎರಡು ಪ್ಲಗ್ಗು, ಕ್ಲಚ್ಚಿನ ಮತ್ತು ಆಕ್ಸಿಲರೇಟರಿನ ಕೇಬಲ್ಲುಗಳು, ಒಂದು ಕಂಡೆನ್ಸರು, ಪಾಯಿಂಟ್ ಸೆಟ್ಟು, ಚೈನಿನ ಕೊಂಡಿ, ಹೆಡ್‌ಲೈಟಿನ ಬಲ್ಬು, ಪಂಚರ್ ಸಾಮಾನು, ಸ್ಪ್ಯಾನರುಗಳು, ಇವು ಪಕ್ಕದ ಪೆಟ್ಟಿಗೆಗಳಲ್ಲಿರಲಿ. ಅವುಗಳಲ್ಲಿ ಪ್ರತಿಯೊಂದನ್ನೂ ಮನೆಯ ಅಂಗಳದಲ್ಲಿ ಒಮ್ಮೆಯಾದರೂ ಸ್ವತಃ ಬಿಚ್ಚಿ ಹಾಕಿದ ಅಭ್ಯಾಸವಿರಲಿ. ಮೊದಲ ಪ್ರಯಾಣಕ್ಕೆ ಊಟಿ ಬೇಡ. ಬನ್ನಿಮಂಟಪದಿಂದ ಬೆಂಗಳೂರು ರಸ್ತೆ ಹಿಡಿದು, ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿ, ಪಾಂಡವಪುರ, ಜಕ್ಕನಹಳ್ಳಿಗಳ ಮಾರ್ಗವಾಗಿ ಮೇಲುಕೋಟೆಗೆ ಸುಮಾರು 50 ಕಿಲೋಮೀಟರ್. ಕೊನೆಯಲ್ಲಿ ಎಂಜಿನ್ನಿನ ಶಕ್ತಿಯನ್ನು ಅರಿಯುವಷ್ಟು ಏರು, ಮರಳುವಾಗ ಬ್ರೇಕಿನ ಶಕ್ತಿಯನ್ನು ಅರಿಯುವಷ್ಟು ಇಳಿಜಾರು ಅಲ್ಲಿದೆ. ಬೆಳಗ್ಗೆ ಆರಕ್ಕೆ ಹೊರಟರೆ ಬಿಸಿಲೇರುವ ಮುನ್ನ ಬೆಟ್ಟ ಹತ್ತಿ, ಪುಳಿಯೋಗರೆ ತಿಂದು, ಎಂಜಿನ್ನು ಆರಿದ ಮೇಲೆ ಪ್ಲಗ್ಗನ್ನು ಬಿಚ್ಚಿ ಅದರ ಬಣ್ಣವನ್ನು ನೋಡಿಕೊಂಡು ಹಿಂದಿರುಗಬಹುದು.