'ಮಲಗಲಿ ಬಿಡಿ' ಎನ್ನುವ ಮುನ್ನ

ರೋಸ್, ಮದುವೆ, ಹಬ್ಬದ ರಾತ್ರಿಗಳಲ್ಲಿ ನಮ್ಮ ಹದಿಹರೆಯದ ಹುಡುಗರು ಪಂಥ ಕಟ್ಟಿ ಕುಡಿಯುವುದು ಹೊಸ ಸಂಗತಿಯೇನಲ್ಲ. ಒಬ್ಬ ಬಿದ್ದರೆ 'ಮಲಗಲಿ ಬಿಡಿ, ಬೆಳಿಗ್ಗೆ ಸರಿಹೋಗುತ್ತಾನೆ' ಎನ್ನುತ್ತೇವೆ. ಅಪಾಯವಿರುವುದು ಈ ಮಾತಿನಲ್ಲೇ.

ಯಕೃತ್ತು ಗಂಟೆಗೆ ಸುಮಾರು ಒಂದು ಸಣ್ಣ ಪೆಗ್‌ನಷ್ಟು ಮದ್ಯವನ್ನು ಮಾತ್ರ ಕರಗಿಸಬಲ್ಲದು. ನಾಲ್ಕೈದು ಪೆಗ್ ಒಂದೇ ಸಮನೆ ಕುಡಿದರೆ, ಮಲಗಿದ ಮೇಲೂ ಅದು ಹೊಟ್ಟೆಯಿಂದ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಉಸಿರಾಟ ನಿಧಾನವಾಗುತ್ತದೆ, ವಾಂತಿ ಶ್ವಾಸನಾಳಕ್ಕೆ ಹೋದರೆ ಪ್ರಾಣವೇ ಹೋಗಬಹುದು. ಮಜ್ಜಿಗೆ, ಕಾಫಿ, ತಣ್ಣೀರಿನ ಸ್ನಾನ ಯಾವುದರಿಂದಲೂ ಅಮಲು ಇಳಿಯದು.

ಕಳ್ಳಬಟ್ಟಿಯ ಕಥೆ ಇನ್ನೂ ಭೀಕರ. ಅಮಲು ಹೆಚ್ಚಿಸಲು ಅದಕ್ಕೆ ಕಾರ್ಖಾನೆಯ ಮೆಥನಾಲ್ ಬೆರೆಸುವವರಿದ್ದಾರೆ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಹಾಗೂ ನೆರೆಯ ಕೃಷ್ಣಗಿರಿ ಭಾಗದಲ್ಲಿ 150ಕ್ಕೂ ಹೆಚ್ಚು ಮಂದಿ, 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತದ್ದು ಇದರಿಂದಲೇ. ರುಚಿ, ವಾಸನೆಯಿಂದ ಅದನ್ನು ಗುರುತಿಸಲಾಗದು. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಲು ಹಲವು ಗಂಟೆ ಹಿಡಿಯುತ್ತದೆ. ಹಾಗಾಗಿ ರಾತ್ರಿ ನೆಟ್ಟಗಿದ್ದವನು ಮರುದಿನ ಹೊಟ್ಟೆನೋವು, ಕಣ್ಣು ಮಂಜು ಎನ್ನುತ್ತಾನೆ. ಇದನ್ನು ಹ್ಯಾಂಗೋವರ್ ಎಂದು ತಿಳಿಯಬೇಡಿ. ಬೇಗ ಆಸ್ಪತ್ರೆ ತಲುಪಿದರೆ ಪ್ರತಿವಿಷ, ಡಯಾಲಿಸಿಸ್‌ನಿಂದ ಜೀವವನ್ನೂ ದೃಷ್ಟಿಯನ್ನೂ ಉಳಿಸಲು ಸಾಧ್ಯವಿದೆ.

ಗೆಳೆಯರು ಸುದ್ದಿ ಮುಚ್ಚಿಡುವುದು ಹೆಚ್ಚಾಗಿ ಮನೆಯವರ ಹೆದರಿಕೆಯಿಂದ (ಧರ್ಮಗುರುಗಳಿಗೆ ತಿಳಿದರೆ ಎಂಬ ಭಯವೂ ಇದೆ, ಒಪ್ಪುತ್ತೇನೆ). ಬೈಗುಳ ನಾಳೆಗಿರಲಿ. ಕರೆದರೂ ಏಳದವನನ್ನು ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಒಬ್ಬರು ಪಕ್ಕದಲ್ಲೇ ಇರಿ. ಏನು ಕುಡಿದನೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ಬಾಟಲಿ ಉಳಿದಿದ್ದರೆ ಅದನ್ನೂ ಕೊಂಡೊಯ್ಯಿರಿ.