ಜೊತೆಗೆ ಬಾಳಿದವಳು ಕಾನೂನಿಗೆ ಯಾರು?

ಇಪ್ಪತ್ತು ವರ್ಷಕಾಲ ಒಂದೇ ಮನೆಯಲ್ಲಿ,
ಒಂದೇ ಒಲೆಯ ಅನ್ನವನ್ನುಂಡು ಬಾಳಿದ ಇಬ್ಬರು ಸ್ತ್ರೀಯರಲ್ಲಿ
ಒಬ್ಬಾಕೆ ತೀರಿಕೊಂಡರೆ,
ಉಳಿದಾಕೆ ಕಾನೂನಿನ ದೃಷ್ಟಿಯಲ್ಲಿ ಅವಳಿಗೆ ಏನಾಗಬೇಕು?

ಏನೂ ಆಗಬೇಕಾಗಿಲ್ಲ.

ಸಲಿಂಗ ಪ್ರೇಮವು ಅಪರಾಧವಲ್ಲವೆಂದು
2018ರಲ್ಲಿ ಸಾರಿದ ಸರ್ವೋಚ್ಚ ನ್ಯಾಯಾಲಯವೇ,
2023ರ ಅಕ್ಟೋಬರ್ 17ರಂದು,
ವಿವಾಹದ ವಿಷಯವನ್ನು ಶಾಸಕಾಂಗಕ್ಕೆ ಬಿಟ್ಟು,
ಅಂಥ ವಿವಾಹವನ್ನು ಮಾನ್ಯಮಾಡಲು ನಿರಾಕರಿಸಿತು.

ವಿವಾಹವಿಲ್ಲದುದರಿಂದ,
1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಲ್ಲಿ
ಸಂಗಾತಿಯು ವಾರಸುದಾರಳಲ್ಲ;
ಸರ್ಕಾರಿ ನೌಕರಳ ಕುಟುಂಬ ಪಿಂಚಣಿಗೆ ಅರ್ಹಳಲ್ಲ;
ಇಬ್ಬರೂ ಕೂಡಿ ಮಗುವೊಂದನ್ನು ದತ್ತು ಪಡೆಯುವಂತೆಯೂ ಇಲ್ಲ.

2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯವು,
ಇಂಥವರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು,
ಒಬ್ಬರಿಗೊಬ್ಬರು ನಾಮಿನಿಯಾಗಬಹುದು ಎಂದು ಸ್ಪಷ್ಟಪಡಿಸಿತು.
ಸ್ವಾಗತಾರ್ಹವಾದ ಮಾತೇ.
ಆದರೆ ಬ್ಯಾಂಕಿನ ನಾಮಿನಿಯೆಂದರೆ
ಕಣಜದ ಕೀಲಿಕೈ ಹಿಡಿದು ನಿಂತವಳಂತೆ:
ಬಾಗಿಲು ತೆರೆಯುವವಳು ಅವಳು,
ಧಾನ್ಯ ಸಲ್ಲುವುದು ವಾರಸುದಾರರಿಗೆ.
ತಂದೆತಾಯಿಗಳಿಲ್ಲದ ಅವಿವಾಹಿತೆಯ ಠೇವಣಿಯನ್ನು,
ಇಪ್ಪತ್ತು ವರ್ಷ ಇತ್ತ ತಿರುಗಿಯೂ ನೋಡದ ಅಣ್ಣನೊಬ್ಬನು ಬಂದು ಕೇಳಿದರೆ,
ಕಾನೂನು ಅವನ ಪಕ್ಷವನ್ನೇ ವಹಿಸುತ್ತದೆ;
ರೋಗಶಯ್ಯೆಯ ಬಳಿ ರಾತ್ರಿಯೆಲ್ಲ ಎಚ್ಚರವಿದ್ದವಳ ಪಕ್ಷವನ್ನಲ್ಲ.
ಇದು ಅನ್ಯಾಯವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಆದ್ದರಿಂದ, ಹೀಗೆ ಜೊತೆಯಾಗಿ ಬಾಳುತ್ತಿರುವವರೇ,
ನಿಮ್ಮ ಸ್ವಯಾರ್ಜಿತ ಆಸ್ತಿಗೆ ಇಂದೇ ಉಯಿಲು ಬರೆದು,
ಇಬ್ಬರು ಸಾಕ್ಷಿಗಳ ರುಜು ಹಾಕಿಸಿರಿ.
ಕುಟುಂಬ ಪಿಂಚಣಿಯನ್ನು ಮಾತ್ರ ಯಾವ ಉಯಿಲೂ ಕೊಡಿಸಲಾರದು;
ಅದಕ್ಕೆ ಸರ್ಕಾರವೇ ತನ್ನ ನಿಯಮವನ್ನು ತಿದ್ದಬೇಕು.