ವಿಂಚ್ ಕೂರಿಸುವ ಮುನ್ನ ನೆಲದ ಜಾತಕ ನೋಡಿ

ಮೂಡಿಗೆರೆ, ಕಳಸ ಕಡೆಯ ತೋಟದ ಮನೆಗಳಲ್ಲಿ ರಸ್ತೆ, ಅಂಗಳ, ಜೀಪಿನ ಶೆಡ್ಡು ಮೂರೂ ಒಂದೇ ಮಟ್ಟದಲ್ಲಿರುವುದು ಅಪರೂಪ. ರಸ್ತೆಯಿಂದ ಅಂಗಳಕ್ಕೊಂದು ಏರು, ಅಂಗಳದಿಂದ ಶೆಡ್ಡಿಗೆ ಇನ್ನೊಂದು ಏರು. ಬೇಸಿಗೆಯಲ್ಲಿ ಸಲೀಸಾಗಿ ಹತ್ತುವ ಜೀಪು ಆಷಾಢದ ಮಳೆಯಲ್ಲಿ ಪಾಚಿ ಕಟ್ಟಿದ ಇಳಿಜಾರಿನ ಮೇಲೆ ಚಕ್ರ ಜಾರಿಸುತ್ತಾ ನಿಂತುಬಿಡುತ್ತದೆ. ಕ್ಲಚ್ ಹೋದದ್ದೋ, ಗೇರ್‌ಬಾಕ್ಸ್ ಬಿಚ್ಚಿದ್ದೋ ಆದರೆ ಅದನ್ನು ಒಳಗೆ ಸೇರಿಸಲು ನಾಲ್ಕೈದು ಜನ ಹೆಗಲು ಕೊಡಬೇಕು. ಕೊಯ್ಲಿಗೇ ಆಳು ಸಿಗದ ಊರುಗಳಲ್ಲಿ ಜೀಪು ತಳ್ಳಲು ಯಾರನ್ನು ಕರೆಯುವುದು? ಶೆಡ್ಡಿನ ಹಿಂದಿನ ಗೋಡೆಯ ಹತ್ತಿರ ನೆಲಕ್ಕೊಂದು ವಿಂಚ್ ಕೂರಿಸಿದರೆ ಹೇಗೆ ಎಂಬ ಯೋಚನೆ ಹುಟ್ಟುವುದು ಇಲ್ಲಿಂದಲೇ.

ಯೋಚನೆ ಒಳ್ಳೆಯದೇ. ಆದರೆ ಎಷ್ಟು ಟನ್ನಿನ ವಿಂಚ್, ಯಾವ ಕಂಪನಿಯದು, ತಂತಿ ಹಗ್ಗವೋ ನೈಲಾನಿನಂಥ ಹಗ್ಗವೋ ಎಂದೆಲ್ಲ ವಿಚಾರಿಸುವವರು ಅದನ್ನು ಹಿಡಿದಿಡಬೇಕಾದ ನೆಲದ ಬಗ್ಗೆ ಕೇಳುವುದು ಕಡಿಮೆ. ವಿಂಚ್ ಎಳೆಯುವ ಪ್ರತಿ ಕಿಲೊ ಬಲವನ್ನೂ ಕೊನೆಗೆ ತಡೆಯಬೇಕಾದದ್ದು ಆ ನೆಲ.

ಶೆಡ್ಡಿನ ನೆಲ ಹುಟ್ಟಿದ್ದು ಬೇರೆ ಕೆಲಸಕ್ಕೆ. ಜೀಪಿನ ಭಾರ ಮೇಲಿನಿಂದ ಕೆಳಕ್ಕೆ ಒತ್ತುತ್ತದೆ. ಅದನ್ನು ತಾಳಲು ಗಟ್ಟಿ ಮಣ್ಣಿನ ಮೇಲೆ ಮೂರ್ನಾಲ್ಕು ಇಂಚು ಬೆಡ್ ಕಾಂಕ್ರೀಟ್, ಅದರ ಮೇಲೆ ಒಂದೂವರೆ ಇಂಚು ಗಾರೆ ಇದ್ದರೂ ನಡೆಯುತ್ತದೆ. ಬೆಡ್ಡಿಗೆ ಸಾಮಾನ್ಯವಾಗಿ ಬಳಸುವುದು 1:4:8ರ ಮಿಶ್ರಣ, ಅಂದರೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ಎಂಟು ಪಾಲು ಜಲ್ಲಿ. ಒತ್ತಡಕ್ಕೆ ಅದು ಸಾಕು. ವಿಂಚ್ ಮಾಡುವುದು ಇದರ ತದ್ವಿರುದ್ಧ ಕೆಲಸ. ಅದು ನೆಲವನ್ನು ಮುಂದಕ್ಕೆ ಜಗ್ಗುತ್ತದೆ, ಜೊತೆಗೆ ಹಿಂದಿನ ಬೋಲ್ಟುಗಳನ್ನು ಮೇಲಕ್ಕೆ ಕೀಳುತ್ತದೆ. ಕಾಂಕ್ರೀಟು ಒತ್ತಡವನ್ನು ಎಷ್ಟು ತಾಳುತ್ತದೋ ಅದರ ಸುಮಾರು ಹತ್ತನೇ ಒಂದು ಭಾಗದಷ್ಟು ಮಾತ್ರ ಸೆಳೆತವನ್ನು ತಾಳಬಲ್ಲದು.

ಇದಕ್ಕೊಂದು ಸಣ್ಣ ಲೆಕ್ಕವಿದೆ. ವಿಂಚಿನ ಹಗ್ಗ ನೆಲದಿಂದ 15 ಸೆಂ.ಮೀ. ಎತ್ತರದಲ್ಲಿ ಹೊರಡುತ್ತದೆ ಎಂದುಕೊಳ್ಳೋಣ. ತಳದ ಉಕ್ಕಿನ ತಟ್ಟೆಯ ಮುಂದಿನ ಅಂಚಿನಿಂದ ಹಿಂದಿನ ಬೋಲ್ಟುಗಳಿಗೆ 30 ಸೆಂ.ಮೀ. ದೂರ. ಹಗ್ಗದ ಸೆಳೆತ ಒಂದು ಟನ್ ಆದಾಗ ತಟ್ಟೆ ಮುಂದಕ್ಕೆ ಮಗುಚಲು ನೋಡುತ್ತದೆ. ಹಿಂದಿನ ಸಾಲಿನ ಬೋಲ್ಟುಗಳನ್ನು 500 ಕಿಲೊ ಬಲ ಮೇಲಕ್ಕೆ ಎಳೆಯುತ್ತದೆ. ಅದೇ ವಿಂಚನ್ನು ಅನುಕೂಲಕ್ಕೆಂದು ಸ್ಟ್ಯಾಂಡಿನ ಮೇಲೆ ಕೂರಿಸಿ ಹಗ್ಗವನ್ನು 60 ಸೆಂ.ಮೀ.ಗೆ ಏರಿಸಿದರೆ ಆ ಬಲ ಎರಡು ಟನ್ನಿಗೆ ಜಿಗಿಯುತ್ತದೆ. ಎಳೆಯುವ ಜೀಪು ಅದೇ, ವಿಂಚೂ ಅದೇ, ಎತ್ತರವೊಂದೇ ಬದಲಾದದ್ದು. ವಿಂಚ್ ನೆಲಕ್ಕೆ ಎಷ್ಟು ತಗ್ಗಾಗಿ ಕೂರುತ್ತದೋ ಅಷ್ಟು ಕ್ಷೇಮ.

ಇನ್ನು ಜೀಪಿಗೆ ಎಷ್ಟು ಬಲ ಬೇಕು? ಒಂದೂವರೆ ಟನ್ ತೂಗುವ ಗಾಡಿಯನ್ನು ಐದು ಅಡಿಗೆ ಒಂದು ಅಡಿ ಏರುವ ಇಳಿಜಾರಿನಲ್ಲಿ ಎಳೆಯಲು ಬೇಕಾದದ್ದು ಸುಮಾರು 300 ಕಿಲೊ ಬಲ. ಕೆಸರು, ಗಾಳಿ ಇಳಿದ ಟಯರು, ಹಿಡಿದುಕೊಂಡ ಬ್ರೇಕು ಎಂದು ಇನ್ನಷ್ಟು ಸೇರಿಸಿದರೂ ಒಂದು ಟನ್ನಿನ ವಿಂಚ್ ಧಾರಾಳವಾಯಿತು. ಆದರೆ ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಜೀಪಿನ ಬಂಪರಿಗೆಂದೇ ತಯಾರಾದ 9,500 ಪೌಂಡಿನ, ಅಂದರೆ 4,300 ಕಿಲೊ ಸಾಮರ್ಥ್ಯದ ವಿಂಚ್. ಅದನ್ನು ತಂದು ಶೆಡ್ಡಿನ ನೆಲಕ್ಕೆ ಬಿಗಿದರೆ ಅಪಾಯ ಹೆಚ್ಚುತ್ತದೆ. ಜೀಪಿನ ಚಕ್ರ ಕಲ್ಲಿಗೋ ಹೊಸ್ತಿಲಿಗೋ ತಡೆದು ನಿಂತರೆ ವಿಂಚ್ ಸುಮ್ಮನಾಗುವುದಿಲ್ಲ. ತನ್ನ ಪೂರ್ತಿ ಬಲ ಮುಗಿಯುವವರೆಗೂ ಎಳೆಯುತ್ತದೆ. ಆದ್ದರಿಂದ ಬೋಲ್ಟಿನ ಲೆಕ್ಕ ಹಾಕಬೇಕಾದದ್ದು ವಿಂಚಿನ ಪೂರ್ತಿ ಸಾಮರ್ಥ್ಯಕ್ಕೆ. ಮೇಲಾಗಿ ಅಂಥ 12 ವೋಲ್ಟಿನ ಮೋಟರು ಪೂರ್ಣ ಭಾರದಲ್ಲಿ 300ರಿಂದ 400 ಆಂಪಿಯರ್ ಕರೆಂಟು ಹೀರುತ್ತದೆ. ಮನೆಯ ಸಾಮಾನ್ಯ ಬ್ಯಾಟರಿ ಚಾರ್ಜರಿನಿಂದ ಆಗುವ ಕೆಲಸವಲ್ಲ.

ಬೆಟ್ಟದ ಸೀಮೆಯಲ್ಲಿ ಇನ್ನೊಂದು ಮಾತು ಮುಖ್ಯ. ಇಲ್ಲಿ ಮನೆ, ಶೆಡ್ಡು, ಕಾಫಿ ಕಣ ಎಲ್ಲಕ್ಕೂ ಸಮತಟ್ಟು ಸಿಗುವುದು ಗುಡ್ಡ ಕಡಿದಾಗಲೇ. ಮೇಲ್ಬದಿಯ ಧರೆ ಕಡಿಯುತ್ತಾರೆ, ಕಡಿದ ಮಣ್ಣನ್ನು ಕೆಳಬದಿಗೆ ತುಂಬುತ್ತಾರೆ. ಹೀಗಾಗಿ ಒಂದೇ ಶೆಡ್ಡಿನ ನೆಲದಲ್ಲಿ ಅರ್ಧ ಹುಟ್ಟುಮಣ್ಣಿನ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಕೂತಿರುತ್ತದೆ. ನಾಲ್ಕಾರು ಮಳೆಗಾಲ ಕಳೆದ ಮೇಲೆ ತುಂಬಿದ ಕಡೆ ತಗ್ಗುತ್ತದೆ, ನಡುವೆ ಬಿರುಕು ಮೂಡುತ್ತದೆ, ಅಡಿಯಲ್ಲಿ ಟೊಳ್ಳಾಗುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಾಗ, ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂಥ ಊರುಗಳ ಜನ ಮನೆ ಕಳೆದುಕೊಂಡಾಗ, ನೀರು ಕುಡಿದ ಗುಡ್ಡದ ಮಣ್ಣು ಹೇಗೆ ವರ್ತಿಸುತ್ತದೆ ಎಂಬುದನ್ನು ಇಡೀ ಜಿಲ್ಲೆ ಕಂಡಿದೆ. ವಿಂಚಿಗೆ ಜಾಗ ಹುಡುಕುವವರು ಮೊದಲು ಸುತ್ತಿಗೆ ಹಿಡಿದು ನೆಲವನ್ನು ಬಡಿದು ನೋಡಬೇಕು. ಟೊಳ್ಳು ಸದ್ದು ಬಂದ ಕಡೆ, ಬಿರುಕಿನ ಪಕ್ಕ, ಅಂಚಿನ ಹತ್ತಿರ ಬೋಲ್ಟು ಬೇಡ. ಧರೆಯ ಬದಿಯ ಹುಟ್ಟುಮಣ್ಣೇ ಅದಕ್ಕೆ ತಕ್ಕ ಜಾಗ. ಜಂಬಿಟ್ಟಿಗೆ ಗೋಡೆಗೋ ಶೆಡ್ಡಿನ ಕಂಬಕ್ಕೋ ವಿಂಚ್ ಬಿಗಿಯುವ ಯೋಚನೆಯನ್ನಂತೂ ಬಿಟ್ಟೇಬಿಡಬೇಕು.

ಈಗಿರುವ ನೆಲ ಆರು ಇಂಚಿಗಿಂತ ದಪ್ಪವಿದ್ದು, ಒಳ್ಳೆಯ ಮಿಶ್ರಣದ್ದಾಗಿದ್ದರೆ ತೂತು ಕೊರೆದು ಬೋಲ್ಟು ಹಾಕಬಹುದು. ಕಾಂಕ್ರೀಟಿನಿಂದ ಬೋಲ್ಟು ಕಿತ್ತು ಬರುವಾಗ ಸುಮ್ಮನೆ ಜಾರಿ ಬರುವುದಿಲ್ಲ. ಮೇಲೆ ಅಗಲವಾಗಿ, ಕೆಳಗೆ ಚೂಪಾಗಿ ಒಂದು ತುಂಡು ಕಾಂಕ್ರೀಟನ್ನೇ ಎಬ್ಬಿಸಿಕೊಂಡು ಬರುತ್ತದೆ. ಬೋಲ್ಟು ಆಳಕ್ಕಿಳಿದಷ್ಟೂ ಆ ತುಂಡು ದೊಡ್ಡದು, ಹಿಡಿತವೂ ಹೆಚ್ಚು. ಆಳವನ್ನು ಅರ್ಧ ಮಾಡಿದರೆ ಹಿಡಿತ ಅರ್ಧಕ್ಕೆ ನಿಲ್ಲದೆ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದರ ಪಕ್ಕ ಒಂದು ಒತ್ತಾಗಿ ಹಾಕಿದ ಬೋಲ್ಟುಗಳು ಒಂದೇ ತುಂಡನ್ನು ಹಂಚಿಕೊಳ್ಳುವುದರಿಂದ ಬೋಲ್ಟಿನ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ನಟ್ಟು ತಿರುವಿದಾಗ ಒಳಗೆ ಅಗಲವಾಗಿ ಕಚ್ಚಿಕೊಳ್ಳುವ ಆಂಕರ್ ಬೋಲ್ಟು ಬಡ ಕಾಂಕ್ರೀಟಿನಲ್ಲಿ ಸಡಿಲವಾಗುತ್ತದೆ. ವಿಂಚಿನ ಜಗ್ಗಾಟ ಅದನ್ನು ಇನ್ನಷ್ಟು ಸಡಿಲಿಸುತ್ತದೆ. ರಾಳದಲ್ಲಿ ಅಂಟಿಸುವ ಕೆಮಿಕಲ್ ಆಂಕರ್ ಮೇಲು. ಅದರ ಯಶಸ್ಸು ಮಾತ್ರ ತೂತು ಎಷ್ಟು ಶುದ್ಧವಾಗಿದೆ ಎಂಬುದರ ಮೇಲೆ ನಿಂತಿದೆ. ಡ್ರಿಲ್ ಹೊರತೆಗೆದಾಗ ಒಳಗೋಡೆಗೆ ಹಿಟ್ಟಿನಂಥ ಧೂಳು ಮೆತ್ತಿಕೊಂಡಿರುತ್ತದೆ. ಪಂಪಿನಿಂದ ಊದಬೇಕು, ತಂತಿಯ ಬ್ರಷ್ಷು ಇಳಿಸಿ ತಿರುವಬೇಕು, ಮತ್ತೆ ಊದಬೇಕು. ಧೂಳು ಬರುವುದು ನಿಲ್ಲುವವರೆಗೆ ಇದೇ ಕೆಲಸ. ಆಮೇಲೆ ತಳದಿಂದ ಮೇಲಕ್ಕೆ ಗಾಳಿಗುಳ್ಳೆ ಉಳಿಯದಂತೆ ರಾಳ ತುಂಬಿ, ಬೋಲ್ಟನ್ನು ತಿರುವುತ್ತಾ ಇಳಿಸಬೇಕು. ಧೂಳು ಬಿಟ್ಟರೆ ರಾಳ ಕಾಂಕ್ರೀಟನ್ನು ಹಿಡಿಯದೆ ಧೂಳನ್ನೇ ಹಿಡಿಯುತ್ತದೆ. ಜುಲೈ ತಿಂಗಳಲ್ಲಿ ನೆಲದಿಂದಲೇ ತೇವ ಒಸರುವ ಮಲೆನಾಡಿನಲ್ಲಿ ಈ ಕೆಲಸಕ್ಕೆ ಫೆಬ್ರುವರಿ, ಮಾರ್ಚ್ ಸರಿಯಾದ ಕಾಲ.

ನೆಲ ತೆಳುವಾಗಿದ್ದರೆ? ಉತ್ತರ ತೋಟದ ಪಲ್ಪರ್ ಮನೆಯಲ್ಲೇ ಇದೆ. ಹಣ್ಣು ಸುಲಿಯುವ ಪಲ್ಪರು, ಅದನ್ನು ಓಡಿಸುವ ಡೀಸೆಲ್ ಎಂಜಿನ್ನು ಇವುಗಳನ್ನು ಹಿಂದಿನವರು ಬರೀ ನೆಲಕ್ಕೆ ಬಿಗಿಯಲಿಲ್ಲ. ಗುಂಡಿ ತೋಡಿ, ಬುಡ ಬಾಗಿಸಿದ ಫೌಂಡೇಶನ್ ಬೋಲ್ಟುಗಳನ್ನು ಮರದ ಅಚ್ಚಿನಲ್ಲಿ ನಿಲ್ಲಿಸಿ, ಸುತ್ತ ಕಾಂಕ್ರೀಟ್ ತುಂಬಿದರು. ವಿಂಚಿಗೂ ಅದೇ ದಾರಿ. ನೆಲವನ್ನು ಕತ್ತರಿಸಿ ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿಗೆ 1:1½:3ರ ಕಾಂಕ್ರೀಟ್ ತುಂಬಿದರೆ ಸುಮಾರು 800 ಕಿಲೊ ತೂಕದ ದಿಮ್ಮಿ ಸಿದ್ಧ. ತೂಕವೊಂದೇ ಸಾಲದು, ದಿಮ್ಮಿ ತನ್ನ ಮುಂದಿನ ನೆಲಕ್ಕೆ ಒತ್ತಿ ನಿಂತರೆ ಮಾತ್ರ ಮಗುಚದು. ಅದಕ್ಕಾಗಿ ಸುತ್ತಲಿನ ಸ್ವಲ್ಪ ನೆಲವನ್ನೂ ಒಡೆದು, ಕಬ್ಬಿಣದ ಕಂಬಿ ಹೆಣೆದು, ಎರಡನ್ನೂ ಬೆಸೆಯಬೇಕು. ಕನಿಷ್ಠ ಹತ್ತು ದಿನ ನೀರುಣಿಸಿ, 28 ದಿನ ಕಳೆದ ಮೇಲೆ ಭಾರ ಹಾಕಬೇಕು. ಒಂದು ಟನ್ನಿಗಿಂತ ದೊಡ್ಡ ವಿಂಚಾದರೆ ಸಿವಿಲ್ ಎಂಜಿನಿಯರಿಂದ ಲೆಕ್ಕ ಮಾಡಿಸುವುದೇ ಸರಿ.

ಇದಕ್ಕಿಂತ ಸರಳ ಉಪಾಯವೂ ಇದೆ. ವಿಂಚಿನ ಬದಲು ದಿಮ್ಮಿಯಲ್ಲಿ ನೆಲಮಟ್ಟಕ್ಕೆ ಒಂದು ಗಟ್ಟಿ ಉಕ್ಕಿನ ಕೊಂಡಿ ಹೂಳುವುದು. ಜೀಪಿನಲ್ಲೇ ವಿಂಚ್ ಇದ್ದರೆ ಅದರ ಹಗ್ಗವನ್ನು ಕೊಂಡಿಗೆ ಸಿಕ್ಕಿಸಬಹುದು. ಇಲ್ಲದಿದ್ದರೆ ಸನ್ನೆ ತಿರುವುವ ಕೈ ವಿಂಚ್ ಸಾಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಬಾಳೂರು, ಸಂಸೆ, ಹೊರನಾಡಿನ ಕಡೆಗೆ ಕೈ ವಿಂಚೇ ನಂಬಿಕಸ್ತ. ಕೈಬಲದ ಸಾಧನವೆಂದು ಹಗುರವಾಗಿ ಕಾಣಬೇಕಿಲ್ಲ. 1988ರ ಜುಲೈನಲ್ಲಿ ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೇರಳದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಹಿನ್ನೀರಿಗೆ ಬಿದ್ದಾಗ, ಬೋಗಿಗಳನ್ನು ಮೇಲೆಳೆಯಲು ನೆರವಾದವರು ಮಲಬಾರಿನ ಮಾಪಿಳ್ಳೆ ಖಲಾಸಿಗಳು. ಹಗ್ಗ, ರಾಟೆ, ಕೈಯಿಂದ ತಿರುಗಿಸುವ ವಿಂಚ್ ಅವರ ಪರಂಪರೆಯ ಸಲಕರಣೆ.

ಎಳೆಯುವಾಗಿನ ಶಿಸ್ತಿಗೆ ರಿಯಾಯಿತಿ ಇಲ್ಲ. ತಂತಿ ಹಗ್ಗದ ಕನಿಷ್ಠ ಐದು ಸುತ್ತು ಡ್ರಮ್ಮಿನಲ್ಲಿ ಉಳಿದಿರಬೇಕು. ತುಕ್ಕು ಹಿಡಿದ, ಎಳೆ ಕಿತ್ತ ಹಗ್ಗವನ್ನು ಎಸೆಯಬೇಕು. ಬಿಗಿದ ಹಗ್ಗದ ನಡುವೆ ದಪ್ಪ ಕಂಬಳಿಯೋ ಗೋಣಿಯೋ ಹೊದಿಸಬೇಕು. ತುಂಡಾದರೆ ಅದು ಚಿಮ್ಮುವ ರಭಸ ತಗ್ಗುತ್ತದೆ. ಹಗ್ಗದ ನೇರದಲ್ಲಿ, ಜೀಪಿನ ಹಿಂದೆ ಇಳಿಜಾರಿನಲ್ಲಿ ಯಾರೂ ನಿಲ್ಲಬಾರದು. ಮಕ್ಕಳು, ನಾಯಿ ಅಂಗಳದಲ್ಲಿರಬಾರದು. ಜೀಪು ಒಳಬಂದ ಕೂಡಲೇ ಚಕ್ರಕ್ಕೆ ಅಡೆ ಕೊಟ್ಟು, ಆಮೇಲೆ ಹಗ್ಗ ಸಡಿಲಿಸಬೇಕು.

ಈ ಬೇಸಿಗೆಯಲ್ಲಿ ಹೊಸ ಶೆಡ್ಡಿಗೆ ನೆಲ ಹಾಕಿಸುವವರು ಕಾಂಕ್ರೀಟಿನ ಗಾಡಿ ಬರುವ ಮುನ್ನ ಮೇಸ್ತ್ರಿಗೆ ಒಂದು ಮಾತು ಹೇಳಿ: ಹಿಂದಿನ ಗೋಡೆಯಿಂದ ಎರಡಡಿ ಈಚೆಗೆ, ಧರೆಯ ಬದಿಗೆ, ಒಂದು ಗುಂಡಿ ತೋಡಿಸಿ ಕೊಂಡಿ ಹೂಳಿಸಿ. ಅದಕ್ಕೆ ಹಿಡಿಯುವುದು ಎರಡು ಮೂರು ಮೂಟೆ ಸಿಮೆಂಟು, ಒಂದಿಷ್ಟು ಕಂಬಿ, ಅರ್ಧ ದಿನದ ಕೂಲಿ. ವಿಂಚನ್ನು ಬೇಕಾದಾಗ ಕೊಳ್ಳಬಹುದು.